ಕೈಪಿಡಿ ಸಾಕು ಎನ್ನುವ ಮಹನೀಯರಿಗೆ

ವಿಟ್ಲದ ಒಂದು ಓದುಬಳಗದ ಸುದ್ದಿ ಕೇಳಿ ಅಲ್ಲಿಯ ತೋಟದ ಧಣಿಗಳೊಬ್ಬರು ಹೊಟ್ಟೆ ಹಿಡಿದು ನಕ್ಕರಂತೆ. ತಿಂಗಳಿಗೊಮ್ಮೆ, ಆದಿತ್ಯವಾರ ಸಂಜೆ, ಹತ್ತು ಹದಿನೈದು ಮಂದಿ ಒಂದು ಕಡೆ ಕೂತು ವಿಜ್ಞಾನಿಗಳು ಬರೆದ ಸಂಶೋಧನ ಪ್ರಬಂಧಗಳನ್ನು ಓದುತ್ತಾರೆ ಎಂಬುದೇ ಆ ಸುದ್ದಿ. ಇಬ್ಬರು ಮಾಸ್ತರರು, ಔಷಧದಂಗಡಿಯಲ್ಲಿ ದುಡಿಯುವ ಒಬ್ಬ ಹುಡುಗ, ಅರ್ಧ ಎಕರೆ ಒಂದು ಎಕರೆಯ ಬೆಳೆಗಾರರು, ಮರ ಹತ್ತಿ ಮದ್ದು ಬಿಡುವ ನಾಲ್ವರು, ಅಡಿಕೆ ಸುಲಿಯುವ ಮತ್ತು ಬೀಡಿ ಕಟ್ಟುವ ಕೆಲವು ಹೆಂಗಸರು — ಇಷ್ಟೇ ಬಳಗ. “ಮದ್ದು ಬಿಡುವವನಿಗೆ ಮದ್ದಿನ ಅಳತೆ ಗೊತ್ತಿದ್ದರೆ ಸಾಕು. ಅದಕ್ಕೆ ಕೈಪಿಡಿ ಉಂಟು. ಪ್ರಬಂಧ ಓದಿ ಇವರೇನು ಡಾಕ್ಟರೇಟು ತಕ್ಕೊಳ್ಳುತ್ತಾರೊ?” ಎಂದು ಧಣಿಗಳು ಕೇಳಿದರಂತೆ.

ಆ ಬಳಗದಲ್ಲಿ ನಾನೂ ಕೂತವನು. ಧಣಿಗಳ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಧಣಿಗಳು ಒಬ್ಬರೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಇದೇ ಮಾತನ್ನು ಬೇರೆ ಬೇರೆ ಸಭ್ಯ ಭಾಷೆಯಲ್ಲಿ ಹೇಳುವವರು ಇಲಾಖೆಗಳಲ್ಲಿದ್ದಾರೆ, ಕಾಲೇಜುಗಳಲ್ಲಿದ್ದಾರೆ, ಬೆಳೆಗಾರರ ವೇದಿಕೆಗಳ ಮೇಲೆಯೂ ಇದ್ದಾರೆ. ಜನಸಾಮಾನ್ಯನಿಗೆ ವಿಜ್ಞಾನದ ಫಲ ಸಿಕ್ಕಿದರೆ ಸಾಕು, ವಿಜ್ಞಾನದ ವಿಚಾರಣೆ ಬೇಡ ಎಂಬುದೇ ಇವರೆಲ್ಲರ ಅಭಿಪ್ರಾಯ.

ಕೈಪಿಡಿಯನ್ನು ನಾವು ಹಳಿಯುವುದಿಲ್ಲ. ಆದರೆ ಕೈಪಿಡಿ ಬೇರೆ, ಪ್ರಬಂಧ ಬೇರೆ. ಕೈಪಿಡಿ “ಹೀಗೆ ಮಾಡು” ಎನ್ನುತ್ತದೆ. ಪ್ರಬಂಧ “ಇಷ್ಟು ಮರಗಳಲ್ಲಿ ನೋಡಿದೆವು, ಇಷ್ಟು ವರ್ಷ ನೋಡಿದೆವು, ಇಷ್ಟರಲ್ಲಿ ಸರಿಹೋಯಿತು, ಇಷ್ಟರಲ್ಲಿ ತಪ್ಪಿತು, ಆದುದರಿಂದ ಹೀಗೆ ಎಂದು ನಮಗೆ ತೋರುತ್ತದೆ” ಎನ್ನುತ್ತದೆ. ಕೈಪಿಡಿ ಓದಿದವನು ತಲೆಯಾಡಿಸಬಹುದು. ಪ್ರಬಂಧ ಓದಿದವನು ಕೈ ಎತ್ತಿ ಕೇಳಬಹುದು. ಧಣಿಗಳಿಗೆ ಬೇಸರವಾದದ್ದು ಈ ಕೈ ಎತ್ತುವುದರಿಂದಲೇ ಅಲ್ಲವೆ?

ವಿಟ್ಲದವರು ಇದನ್ನು ಕೇಳುವ ಹಕ್ಕನ್ನು ಯಾರಿಂದಲೂ ಬೇಡಿ ತರಬೇಕಾಗಿಲ್ಲ. 1956ರಲ್ಲಿ ಭಾರತೀಯ ಕೇಂದ್ರ ಅಡಿಕೆ ಸಮಿತಿಯು ದೇಶದ ಕೇಂದ್ರೀಯ ಅಡಿಕೆ ಸಂಶೋಧನ ಕೇಂದ್ರವನ್ನು ಸ್ಥಾಪಿಸಿದ್ದು ವಿಟ್ಲದಲ್ಲಿ. 1970ರಲ್ಲಿ ಅದು ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನ ಸಂಸ್ಥೆಯಲ್ಲಿ ಸೇರಿತು. ಚೀನಾದಿಂದ ತಂದ ತಳಿಯಿಂದ ಆಯ್ದ ‘ಮಂಗಳ’ ಅಡಿಕೆ 1972ರಲ್ಲಿ ಹೊರಬಂದದ್ದು ಇಲ್ಲಿಂದಲೇ. ಇಲ್ಲಿಯ ಮಣ್ಣು, ಇಲ್ಲಿಯ ಮಳೆ, ಇಲ್ಲಿಯ ಆಳುಗಳ ಬೆವರು ಸೇರಿ ಆದ ಪ್ರಯೋಗಗಳು ಇಂಗ್ಲಿಷಿನ ಪ್ರಬಂಧಗಳಾಗಿ ಲೋಕಕ್ಕೆಲ್ಲ ಹೋದವು. ಬೇಲಿಯ ಈಚೆಗಿನವನಿಗೆ ಮಾತ್ರ ಕೈಪಿಡಿ ಸಾಕಂತೆ!

ಮಹಾಳಿಯ ಕಥೆಯನ್ನೇ ತೆಗೆದುಕೊಳ್ಳೋಣ. ಘಟ್ಟದ ಮೇಲೆ ಕೊಳೆರೋಗ ಎನ್ನುವ ಈ ಪಿಡುಗಿನ ಬಗ್ಗೆ ಮೊದಲು ಕ್ರಮವಾಗಿ ಸಂಶೋಧನೆ ಮಾಡಿದವನು ಮೈಸೂರು ಸರಕಾರದ ನೌಕರಿಗೆ 1908ರಲ್ಲಿ ಬಂದ ಕೆನಡಾ ದೇಶದ ಲೆಸ್ಲಿ ಕೋಲ್‌ಮನ್. 1910ರಲ್ಲಿ ಅವನ ಪ್ರಬಂಧ ಹೊರಬಂತು. ಅದು ದೈವದ ಮುನಿಸಲ್ಲ, ಮಳೆಯ ದೋಷ ಮಾತ್ರವೂ ಅಲ್ಲ, ನೀರಿನಲ್ಲಿ ಹರಡುವ ಒಂದು ಶಿಲೀಂಧ್ರದ ಕೆಲಸ ಎಂದು ಅವನು ತೋರಿಸಿದ. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1885ರ ಸುಮಾರಿಗೆ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣವನ್ನು ಅಡಿಕೆಯ ಗೊನೆಗೆ ಬಿಟ್ಟು ನೋಡಿದ. ಇವತ್ತಿಗೂ ನಮ್ಮ ಮರಗಳಿಗೆ ಬೀಳುವ ಮದ್ದು ಅದೇ: ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ, 100 ಲೀಟರು ನೀರು. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ.

ಈಗ ಕೇಳಿ. ಮದ್ದು ಕಲಸಿದ ಮೇಲೆ ಅದರಲ್ಲಿ ಕತ್ತಿಯ ಅಲಗನ್ನು ಅದ್ದಿ ನೋಡುವುದು ಯಾತಕ್ಕೆ? ಅಲಗಿಗೆ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಹಾಕು ಎನ್ನುತ್ತದೆ ಕೈಪಿಡಿ. ಬಳಗದಲ್ಲಿ ಇದರ ಕಾರಣವನ್ನು ಓದಿದ ದಿನ — ತುತ್ತಿನಲ್ಲಿ ಕರಗಿದ ತಾಮ್ರ ಸುಣ್ಣದೊಡನೆ ಪೂರ್ತಿ ಕೂಡದೆ ಉಳಿದರೆ ಕಬ್ಬಿಣದ ಮೇಲೆ ಬಂದು ಕೂಡುತ್ತದೆ, ಅದೇ ಉಳಿಕೆ ಎಳೆ ಕಾಯಿಯನ್ನು ಸುಡುತ್ತದೆ — ಮೂವತ್ತು ವರ್ಷ ಮದ್ದು ಬಿಟ್ಟ ಒಬ್ಬ ಹಿರಿಯನು, “ಹಾಗಾದರೆ ಇಷ್ಟು ವರ್ಷ ನಾನು ಮಾಡಿದ್ದು ಪರೀಕ್ಷೆ, ಶಾಸ್ತ್ರ ಅಲ್ಲ” ಎಂದ. ಅವನು ಅಂದದ್ದು ತುಳುವಿನಲ್ಲಿ. ನಮ್ಮಲ್ಲಿ ಓದುವುದು ಇಂಗ್ಲಿಷಿನಲ್ಲಿ, ಬರೆದುಕೊಳ್ಳುವುದು ಕನ್ನಡದಲ್ಲಿ, ಜಗಳ ತುಳುವಿನಲ್ಲಿ.

ಇದು ಸೌಮ್ಯವಾದ ಉದಾಹರಣೆ. ಇಲ್ಲಿ ಕೈಪಿಡಿ ಸರಿಯಾಗಿಯೇ ಇತ್ತು. ಕೈಪಿಡಿ ತಪ್ಪಿದಾಗ ಏನಾಗುತ್ತದೆ ಎಂಬುದನ್ನು ನೋಡಬೇಕಾದರೆ ಧಣಿಗಳು ತಮ್ಮ ಕಾರಿನಲ್ಲಿ ವಿಟ್ಲದಿಂದ ಅಡ್ಯನಡ್ಕ ದಾಟಿ ಪೆರ್ಲದ ಕಡೆಗೆ ಹೋಗಬೇಕು. ಅಲ್ಲಿಂದ ಪಡ್ರೆ ದೂರವಿಲ್ಲ. ಆ ಭಾಗದಲ್ಲಿ ಸ್ವರ್ಗ ಎಂಬ ಹೆಸರಿನ ಊರೂ ಇದೆ, ಹೆಸರಿಟ್ಟವರಿಗೆ ಮುಂದಿನದು ಗೊತ್ತಿರಲಿಲ್ಲ. ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅಳತೆಯಲ್ಲಿ ಬಳಸಿದರೆ ಅಪಾಯವಿಲ್ಲ ಎಂಬ ಅಭಯ ಎಲ್ಲ ಕಡೆಯಿಂದಲೂ ಇತ್ತು. ಕರುಗಳು ಕಾಲು ತಿರುಚಿಕೊಂಡು ಹುಟ್ಟುವುದನ್ನು 1979ರಲ್ಲೇ ಬರೆದವರು ಅಲ್ಲಿಯವರೇ ಆದ ಶ್ರೀಪಡ್ರೆ. ಹಳ್ಳಿಯಲ್ಲಿ ವೈದ್ಯವೃತ್ತಿ ಮಾಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರರು ತಮ್ಮಲ್ಲಿಗೆ ಬಂದ ರೋಗಿಗಳನ್ನು ಲೆಕ್ಕವಿಟ್ಟು ನೋಡಿದರು, ಒಂದೇ ಜಾಗದಲ್ಲಿ ಇಷ್ಟು ಯಾಕೆ ಎಂದು ಕೇಳಿದರು. ಇವರಿಬ್ಬರಿಗೂ ಯಾವ ಪ್ರಯೋಗಶಾಲೆ ಇತ್ತು? ಕೈಪಿಡಿಯ ಮಾತಿಗೆ ಆಧಾರ ಕೇಳುವ ಬುದ್ಧಿಯೊಂದಿತ್ತು.

ಮುಂದೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪರೀಕ್ಷಿಸಿದರು. 2003ರಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ಅವರ ಪ್ರಬಂಧ ಬಂತು. ಗೇರುತೋಟದ ತಪ್ಪಲಿನ ಊರಿನ 117 ಗಂಡುಮಕ್ಕಳನ್ನು, ಸಿಂಪಡಣೆ ಇಲ್ಲದ ಊರಿನ 90 ಗಂಡುಮಕ್ಕಳೊಡನೆ ಹೋಲಿಸಿ ನೋಡಿದ ಪ್ರಬಂಧವದು. ಸಿಂಪಡಿಸಿದ ಊರಿನ ಮಕ್ಕಳು ಪ್ರಾಯಕ್ಕೆ ಬರುವುದು ತಡವಾಗಿದೆ ಎಂದು ಅದು ಹೇಳುತ್ತದೆ. ಅವರಲ್ಲಿ ಶೇಕಡಾ 78 ಮಂದಿಯ ರಕ್ತದಲ್ಲಿ ಎಂಡೋಸಲ್ಫಾನ್ ಕಂಡಿತು. ಇನ್ನೊಂದು ಊರಿನ ಮಕ್ಕಳಲ್ಲಿ ಶೇಕಡಾ 29.

ಇದನ್ನು ಓದುತ್ತಿದ್ದಾಗ ಮಾಸ್ತರರು ಮುಂದಿನ ಪುಟಕ್ಕೆ ಹೋಗುವುದರಲ್ಲಿದ್ದರು. ಮದ್ದು ಬಿಡುವ ಹುಡುಗನೊಬ್ಬ ತಡೆದ. “ಮಾಷ್ಟ್ರೇ, ಸಿಂಪಡಿಸದ ಊರಿನವರ ರಕ್ತದಲ್ಲೂ ಅದು ಉಂಟಲ್ಲ, ಅದು ಎಲ್ಲಿಂದ ಬಂತು?” ಎಂದು ಕೇಳಿದ. ಕೂತವರೆಲ್ಲ ಸುಮ್ಮನಾದರು. ತರಕಾರಿಯಿಂದಲೊ, ನೀರಿನಿಂದಲೊ, ಗಾಳಿಯಿಂದಲೊ — ಎಲ್ಲಿಂದಲೇ ಬರಲಿ, ವಿಷ ಇಲ್ಲದ ಊರು ಎಂದು ಹೋಲಿಕೆಗೆ ತೆಗೆದುಕೊಂಡ ಊರಿನಲ್ಲೂ ವಿಷವಿತ್ತು. ಹಾಗಿದ್ದರೆ ಎರಡು ಊರುಗಳ ನಡುವೆ ಪ್ರಬಂಧ ಕಂಡ ಅಂತರಕ್ಕಿಂತ ನಿಜವಾದ ಅಂತರ ಇನ್ನೂ ದೊಡ್ಡದಿರಬಹುದಲ್ಲವೆ ಎಂಬ ಚರ್ಚೆ ರಾತ್ರಿ ಎಂಟರ ವರೆಗೂ ನಡೆಯಿತು. ಇದು ಡಾಕ್ಟರೇಟು ಮಾಡುವವನು ಕೇಳಬೇಕಾದ ಪ್ರಶ್ನೆ. ಹುಡುಗ ಓದಿದ್ದು ಎಂಟನೇ ಕ್ಲಾಸು. ಇನ್ನೊಂದು ಮಾತು: ಇದು ಕಾಸರಗೋಡಿನವರ ಗೋಳು ಮಾತ್ರ ಎಂದುಕೊಳ್ಳುವವರು ಬೆಳ್ತಂಗಡಿ ತಾಲೂಕಿನ ಕೊಕ್ಕಡಕ್ಕೂ ಹೋಗಿ ಬರಲಿ. ಅಲ್ಲಿಯ ಗೇರುತೋಟಕ್ಕೆ ಅದೇ ಮದ್ದನ್ನು ಸುರಿದದ್ದು ನಮ್ಮದೇ ಕರ್ನಾಟಕ ಗೇರು ಅಭಿವೃದ್ಧಿ ನಿಗಮ. ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶದಾದ್ಯಂತ ತಡೆದದ್ದು 2011ರ ಮೇ ತಿಂಗಳಲ್ಲಿ. ಮಲಗಿದಲ್ಲೇ ಬೆಳೆದ ಮಕ್ಕಳ ತಾಯಂದಿರಿಗೆ ಅದರಿಂದ ಏನು ಬಂತು?

ಇನ್ನು ಧಣಿಗಳಿಗೆ ನಿಜವಾಗಿ ನೋಯುವ ಜಾಗಕ್ಕೆ ಬರುತ್ತೇನೆ. ಅಡಿಕೆ ಮತ್ತು ಕ್ಯಾನ್ಸರ್.

ಬೆಳೆಗಾರರ ಸಭೆಗಳಲ್ಲಿ ಒಂದು ಅಮೆರಿಕದ ಪ್ರಬಂಧವನ್ನು ಬಾವುಟದಂತೆ ಬೀಸುವುದನ್ನು ನಾವು ಕಂಡಿದ್ದೇವೆ. “ಅಡಿಕೆ ಕ್ಯಾನ್ಸರ್ ತರುವುದಿಲ್ಲ, ಗುಣಪಡಿಸುತ್ತದೆ ಎಂದು ಎಮೊರಿ ವಿಶ್ವವಿದ್ಯಾಲಯದವರೇ ಹೇಳಿದ್ದಾರೆ” ಎಂದು ಭಾಷಣವಾಗುತ್ತದೆ, ಚಪ್ಪಾಳೆಯಾಗುತ್ತದೆ. ಅದು ಕೈಪಿಡಿಯ ರೀತಿಯ ಮಾತು — ನಂಬು, ಮನೆಗೆ ಹೋಗು. ಬಳಗದವರು ಪ್ರಬಂಧವನ್ನೇ ತರಿಸಿದರು. 2016ರಲ್ಲಿ ‘ಮಾಲಿಕ್ಯುಲರ್ ಸೆಲ್’ ಎಂಬ ಪತ್ರಿಕೆಯಲ್ಲಿ ಬಂದದ್ದು. ನಾಲ್ಕು ಕೂಟಗಳು ಹಿಡಿದವು, ಅರ್ಧ ಶಬ್ದಗಳು ಯಾರಿಗೂ ತಿಳಿಯಲಿಲ್ಲ, ಔಷಧದಂಗಡಿಯ ಹುಡುಗ ಡಿಕ್ಷನರಿ ಹುಡುಕಿ ಸುಸ್ತಾದ. ಕೊನೆಗೆ ದಾರಿ ತೋರಿದ್ದು ಅಡಿಕೆ ಸುಲಿಯುವ ಒಬ್ಬ ಅಕ್ಕ. “ಅವರು ಇಲಿಗೆ ಕೊಟ್ಟದ್ದು ಅಡಿಕೆಯನ್ನೊ, ಅಡಿಕೆಯಿಂದ ತೆಗೆದದ್ದನ್ನೊ?” ಎಂದರು. ತೆಗೆದದ್ದನ್ನೇ! ಅರೆಕೊಲಿನ್ ಎಂಬ ವಸ್ತುವಿನ ಶುದ್ಧ ಮಾಡಿದ ಲವಣವನ್ನು, ಕ್ಯಾನ್ಸರಿನ ಜೀವಕೋಶಗಳನ್ನು ಮೈಯಲ್ಲಿ ನೆಟ್ಟ ಇಲಿಗಳಿಗೆ ಕೊಟ್ಟು, ಆ ಜೀವಕೋಶಗಳ ಒಂದು ಕಿಣ್ವ ಅದರಿಂದ ತಡೆಹಿಡಿಯಲ್ಪಟ್ಟು ಗಡ್ಡೆಯ ಬೆಳವಣಿಗೆ ನಿಧಾನವಾಯಿತು ಎಂಬುದು ಪ್ರಬಂಧದ ಸಾರ. ಒಳ್ಳೆಯ ಕೆಲಸವೇ. ಆದರೆ ಅಡಿಕೆ ಜಗಿದವರ ಬಾಯಿಯನ್ನು ಅವರು ನೋಡಿಲ್ಲ. ಜಗಿದರೆ ಗುಣವಾಗುತ್ತದೆ ಎಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಹಾವಿನ ವಿಷದಿಂದ ಔಷಧ ಮಾಡುತ್ತಾರೆಂದು ನಾವು ಹಾವಿನ ಬಾಯಿಗೆ ಕೈಕೊಡುವುದುಂಟೆ?

ಬಾಯಿಯನ್ನು ನೋಡಿದವರ ಪ್ರಬಂಧಗಳು ಬೇರೆ. ಫ್ರಾನ್ಸಿನ ಲಿಯಾನಿನಲ್ಲಿರುವ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ 1985ರಲ್ಲಿ, ಹೊಗೆಸೊಪ್ಪು ಬೆರೆಸಿದ ಎಲೆಅಡಿಕೆ ಕ್ಯಾನ್ಸರಿಗೆ ಕಾರಣ ಎಂದು ಮಾತ್ರ ಹೇಳಿತ್ತು. ಹೊಗೆಸೊಪ್ಪಿಲ್ಲದ್ದರ ಬಗ್ಗೆ ಸಾಕಷ್ಟು ಪುರಾವೆ ಇಲ್ಲ ಎಂದಿತ್ತು. 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಹೊಗೆಸೊಪ್ಪಿಲ್ಲದ ಎಲೆಅಡಿಕೆಯನ್ನೂ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. “ದೋಷ ಹೊಗೆಸೊಪ್ಪಿನದು, ಅಡಿಕೆಯದಲ್ಲ” ಎಂಬುದು ನಮ್ಮ ಕಡೆಯ ನಿತ್ಯದ ವಾದ, ನಾನೂ ಹಲವು ವರ್ಷ ಹಾಗೆಯೇ ವಾದಿಸಿದವನು. ಆ ವಾದ ಬಿದ್ದದ್ದು ಬಹಳ ಮಟ್ಟಿಗೆ ತೈವಾನಿನ ಲೆಕ್ಕದಿಂದ. ತೈವಾನಿನವರು ಹಸಿ ಅಡಿಕೆಯನ್ನು ಸುಣ್ಣ ಸೇರಿಸಿ ಜಗಿಯುತ್ತಾರೆ, ಹೊಗೆಸೊಪ್ಪು ಬೆರೆಸುವ ವಾಡಿಕೆ ಅಲ್ಲಿಲ್ಲ. ಅಲ್ಲಿಯೂ ಬಾಯಿಯ ಕ್ಯಾನ್ಸರ್ ಜಗಿಯುವವರಲ್ಲೇ ಹೆಚ್ಚು.

ಇದನ್ನು ಓದಿದ ದಿನ ಬಳಗದಲ್ಲಿ ಯಾರಿಗೂ ಸಂತೋಷವಾಗಲಿಲ್ಲ. ಒಂದು ಎಕರೆ ಅಡಿಕೆಯಲ್ಲಿ ಎರಡು ಮಕ್ಕಳನ್ನು ಓದಿಸುತ್ತಿರುವವನು ಕೂತಿದ್ದ. ಅವನಿಗೆ ಏನೆನ್ನುವುದು? ಈ ಪ್ರಬಂಧಗಳನ್ನು ಬರೆದ ಪಟ್ಟಣದ ಮಹಾಶಯರ ಮೇಲೆ ನಮಗೂ ಸಿಟ್ಟಿದೆ. ಜಗಿಯುವವನ ಬಾಯಿ ಅವರಿಗೆ ಕಂಡಿದೆ, ಬೆಳೆಯುವವನ ಹೊಟ್ಟೆ ಕಂಡಿಲ್ಲ. ಅಡಿಕೆ ಬೆಳೆ ಎಂದು ಸಮಿತಿ ಮಾಡಿದ್ದು ಸರಕಾರ, ಕೇಂದ್ರ ತೆರೆದದ್ದು ಸರಕಾರ, ಹೊಸ ತಳಿ ಕೊಟ್ಟದ್ದು ಸರಕಾರ. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧಿಸಿದ್ದೂ ಸರಕಾರ. ನಿಷೇಧದ ಮರುದಿನದಿಂದ ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ಹೊಗೆಸೊಪ್ಪು ಇನ್ನೊಂದು ಪೊಟ್ಟಣದಲ್ಲಿ ಬಂದಾಗ ಕಣ್ಣು ಮುಚ್ಚಿಕೊಂಡದ್ದೂ ಅದೇ ಸರಕಾರ. ಒಂದು ಕೈಯಲ್ಲಿ ಸಸಿ, ಒಂದು ಕೈಯಲ್ಲಿ ಎಚ್ಚರಿಕೆಯ ಫಲಕ! ಸಣ್ಣ ಬೆಳೆಗಾರ ಬೇರೆ ಬೆಳೆಗೆ ಹೊರಳಬೇಕಾದರೆ ಐದಾರು ವರ್ಷದ ಅನ್ನ ಯಾರು ಕೊಡುತ್ತಾರೆ ಎಂದು ಸರಕಾರವನ್ನು ಹಿಡಿದು ಕೇಳಬೇಕು. ಆದರೆ ಹಾಗೆ ಕೇಳುವುದಕ್ಕೂ ಮೊದಲು ಸತ್ಯವನ್ನು ಒಪ್ಪಿಕೊಂಡಿರಬೇಕು. ರೋಗವೇ ಇಲ್ಲ ಎಂದು ಭಾಷಣ ಮಾಡಿದವನು ಪರಿಹಾರವನ್ನು ಯಾವ ಮುಖದಿಂದ ಕೇಳಿಯಾನು? ನಾಯಕರು ಅರ್ಧ ಪ್ರಬಂಧ ಓದಿ ಚಪ್ಪಾಳೆ ಗಿಟ್ಟಿಸುವುದು ದೊಡ್ಡ ತೋಟದವನಿಗೂ ಗುಟ್ಕಾದ ಸಾಹುಕಾರನಿಗೂ ಲಾಭ. ಸುಲಿಯುತ್ತಾ ಸುಲಿಯುತ್ತಾ ಬಾಯಿಗೆ ಹಾಕಿಕೊಳ್ಳುವ ಹೆಂಗಸಿಗೆ ಅದರಿಂದ ಏನು ಲಾಭ?

“ಓದಲು ನಿಮಗೆ ಸಿಗುವುದಾದರೂ ಎಲ್ಲಿ?” ಎಂದು ಧಣಿಗಳು ಕೇಳಿಯಾರು. ಈ ಒಂದು ಪ್ರಶ್ನೆಯನ್ನು ಅವರು ಕೇಳಿದರೆ ನಾನು ಕೈಮುಗಿಯುತ್ತೇನೆ. ಎಂಡೋಸಲ್ಫಾನ್ ಪ್ರಬಂಧ ಆಗ ಅಮೆರಿಕದ ಸಾರ್ವಜನಿಕ ಹಣದಿಂದ ನಡೆಯುತ್ತಿದ್ದ ಪತ್ರಿಕೆಯದು, ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು. ಎಲ್ಲವೂ ಹಾಗಿಲ್ಲ. ಪ್ರಬಂಧ ಬರೆದ ವಿಜ್ಞಾನಿಗೆ ಪತ್ರಿಕೆಯವರು ಸಂಬಳ ಕೊಡುವುದಿಲ್ಲ. ಅದನ್ನು ಪರಿಶೀಲಿಸುವ ಇತರ ವಿಜ್ಞಾನಿಗಳಿಗೂ ಸಾಮಾನ್ಯವಾಗಿ ಕೊಡುವುದಿಲ್ಲ. ಪ್ರಯೋಗದ ಖರ್ಚು ಜನರ ತೆರಿಗೆಯದು. ಕೊನೆಗೆ ಪ್ರಕಾಶಕ ಕಂಪನಿ ಬಾಗಿಲಲ್ಲಿ ಕೂತು ಓದಲು ಬಂದವನಿಂದ ದುಡ್ಡು ವಸೂಲು ಮಾಡುತ್ತದೆ. ಉತ್ತವನೊಬ್ಬ, ಬಿತ್ತವನೊಬ್ಬ, ಕಣದಲ್ಲಿ ಅಳೆದುಕೊಂಡು ಹೋಗುವವನು ಇನ್ನೊಬ್ಬ — ಚಾಲಗೇಣಿ ಕಂಡ ಈ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೇಂದ್ರ ಸರಕಾರವು 2024ರ ನವೆಂಬರಿನಲ್ಲಿ ‘ಒಂದು ದೇಶ ಒಂದು ಚಂದಾ’ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು. ಓದುವ ಅವಕಾಶ ಯಾರಿಗೆ? ಸರಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ, ಸರಕಾರಿ ಸಂಶೋಧನ ಸಂಸ್ಥೆಗಳಿಗೆ — 6,300ಕ್ಕೆ ಮಿಕ್ಕಿ. ಪಂಚಾಯತು ಗ್ರಂಥಾಲಯ ಅದರಲ್ಲಿ ಸೇರಿಲ್ಲ. ದುಡ್ಡು ದೇಶದ್ದು, ಚಂದಾ ದೇಶದ್ದು, ವಿಟ್ಲದ ಪೇಟೆಯಲ್ಲಿ ಬೆಂಕಿಪೊಟ್ಟಣ ಕೊಂಡವನೂ ಅದಕ್ಕೆ ತೆರಿಗೆ ಕೊಟ್ಟಿದ್ದಾನೆ. ಆದರೆ ಅವನು ದೇಶದೊಳಗೆ ಬರುವುದಿಲ್ಲ! ನಮ್ಮ ಬೇಡಿಕೆ ದೊಡ್ಡದೇನಲ್ಲ. ಸಾರ್ವಜನಿಕ ಗ್ರಂಥಾಲಯಗಳನ್ನು ಆ ಪಟ್ಟಿಗೆ ಸೇರಿಸಿ. ಅದಾಗುವ ವರೆಗೆ ಸರಕಾರಿ ಕಾಲೇಜಿನ ವಾಚನಾಲಯವನ್ನು ವಾರಕ್ಕೆ ಒಂದು ಸಂಜೆ ಊರಿನವರಿಗೆ ತೆರೆಯಿರಿ.

ಇನ್ನು ಭಾಷೆಯ ಮಾತು. ಕನ್ನಡದಲ್ಲಿ ವಿಜ್ಞಾನ ಕಷ್ಟ ಎನ್ನುವವರಿಗೆ, ಪಕ್ಕದ ಪುತ್ತೂರಿನಲ್ಲಿ ಕೂತು ಶಿವರಾಮ ಕಾರಂತರು 1959ರಿಂದ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಒಬ್ಬರೇ ಬರೆದು ಹಾಕಿದರು ಎಂಬುದನ್ನು ನೆನಪಿಸಿದರೆ ಸಾಕು. ಡಾ. ಲೋಹಿಯಾ ಬರ್ಲಿನ್ನಿಗೆ ಹೋಗಿ ಜರ್ಮನ್ ಕಲಿತು ಡಾಕ್ಟರೇಟು ಪಡೆದವರು. ಇಂಗ್ಲಿಷು ಬಾರದ್ದರಿಂದ ಅವರು ಇಂಗ್ಲಿಷನ್ನು ವಿರೋಧಿಸಿದರೆಂದು ಯಾರೂ ಹೇಳಲಾರರು. ವಿಟ್ಲದ ಕೇಂದ್ರದಿಂದ ಹೊರಡುವ ಪ್ರತಿ ಪ್ರಬಂಧದ ಜೊತೆಗೆ ಎರಡು ಪುಟದ ಕನ್ನಡ ಸಾರಾಂಶವಿರಲಿ. ಅದರಲ್ಲಿ ‘ಹೀಗೆ ಮಾಡು’ ಎಂಬುದು ಬೇಡ. ಎಷ್ಟು ಮರ, ಎಷ್ಟು ವರ್ಷ, ಯಾವುದರೊಡನೆ ಹೋಲಿಕೆ, ಹಣ ಯಾರದು — ಇಷ್ಟಿದ್ದರೆ ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ.

ಧಣಿಗಳ ನಗು ನಮಗೆ ಹೊಸದಲ್ಲ. 1974ರಲ್ಲಿ ಭೂಸುಧಾರಣೆಯ ಕಾನೂನು ಬಂದಾಗಲೂ ಹೀಗೆಯೇ ನಕ್ಕಿದ್ದರು — ಒಕ್ಕಲಿಗೆ ಕಾನೂನು ಓದಲು ಬರುತ್ತದೊ, ಡಿಕ್ಲರೇಶನ್ ತುಂಬಲು ಬರುತ್ತದೊ ಎಂದು. ಬಂತು. ಬಾರದವರು ಬಂದವರಿಂದ ಓದಿಸಿಕೊಂಡರು.

ಕಳೆದ ಕೂಟದಲ್ಲಿ ಬಾಯಿ ಬಿಗಿಯುವ ರೋಗದ ಪ್ರಬಂಧಗಳನ್ನು ಓದಿದೆವು. 1952ರಲ್ಲಿ ಕೆನ್ಯದಲ್ಲಿದ್ದ ಐವರು ಭಾರತೀಯ ಹೆಂಗಸರಲ್ಲಿ ಮೊದಲು ವಿವರಿಸಿದ ರೋಗವದು. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಗೆ ನಾರು ಬೆಳೆದು, ಕೊನೆಗೆ ಅನ್ನದ ತುತ್ತೂ ಹೋಗದಷ್ಟು ಬಾಯಿ ಬಿಗಿದುಕೊಳ್ಳುತ್ತದೆ. ಅಡಿಕೆಯಲ್ಲಿರುವ ತಾಮ್ರದ ಅಂಶವೂ ಆ ನಾರನ್ನು ಗಟ್ಟಿ ಮಾಡುತ್ತದೆ ಎಂಬ ವಾದವನ್ನು ಕೆಲವು ಪ್ರಬಂಧಗಳು ಮುಂದಿಟ್ಟಿವೆ. ತಾಮ್ರ ಎಂಬ ಶಬ್ದ ಕೇಳಿದ್ದೇ ತಡ, ಕತ್ತಿ ಅದ್ದಿ ನೋಡುವ ಆ ಹಿರಿಯನು ತಲೆ ಎತ್ತಿದ. “ಆ ತಾಮ್ರದಲ್ಲಿ ಮರ ತಾನೇ ಹೀರಿದ್ದೆಷ್ಟು, ನಾವು ಬಿಟ್ಟ ಮದ್ದಿನದೆಷ್ಟು? ಅದು ಸಿಪ್ಪೆಯಲ್ಲಿ ನಿಲ್ಲುತ್ತದೊ, ಒಳಗೆ ಇಳಿಯುತ್ತದೊ?” ಎಂದ. ಮಾಸ್ತರರು ಆ ಪ್ರಶ್ನೆಯನ್ನು ಕನ್ನಡದಲ್ಲಿ ಬರೆದಿಟ್ಟಿದ್ದಾರೆ. ಮುಂದಿನ ತಿಂಗಳು ಅದನ್ನು ಹಿಡಿದುಕೊಂಡು ಸಂಶೋಧನ ಕೇಂದ್ರಕ್ಕೆ ಹೋಗುವುದೆಂದು ತೀರ್ಮಾನವಾಗಿದೆ. ಧಣಿಗಳೂ ಬರಬಹುದು. ಅವರ ತೋಟಕ್ಕೂ ಬಿಡುವುದು ಅದೇ ಮದ್ದು.